ಅಪ್ಪ ತೂಗಿ ನೋಡಿದ ಪವರ್ ಸಪ್ಲೈ

ನಮ್ಮಪ್ಪ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ರೇಡಿಯೋದೊಳಗೆ ಕೂರಿಸಲು ತಾಮ್ರದ ತಂತಿ ಸುತ್ತಿದ ಪುಟ್ಟ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಅದರ ಮೇಲಿನ ಚೀಟಿಯನ್ನು ಎಂದೂ ಓದುತ್ತಿರಲಿಲ್ಲ. ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ತೂಗಿ ನೋಡುತ್ತಿದ್ದರು. ಹಗುರವಿದ್ದರೆ ಒಳಗೆ ತಾಮ್ರ ಕಡಿಮೆ ಎಂದರ್ಥ. ಶಿರಗುಪ್ಪಿಯಿಂದ ರೇಡಿಯೋ ತರುವ ರೈತರು ಆ ಅಂಗೈಯನ್ನು ತಕ್ಕಡಿಗಿಂತ ಹೆಚ್ಚು ನಂಬುತ್ತಿದ್ದರು. ನಾನೊಬ್ಬಳು ನಂಬಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ ನನಗೆ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಮನೆಯಲ್ಲೇ ಒಂದು ಕಂಪ್ಯೂಟರ್ ಬೇಕಾಗಿತ್ತು. ಬಿಡಿಭಾಗ ಆರಿಸಿ ಅಂಗಡಿಯಲ್ಲೇ ಜೋಡಿಸಿಕೊಳ್ಳುವ ಕಾಲ ಅದು. ವಾರಗಟ್ಟಲೆ ಪತ್ರಿಕೆ ಓದಿ ಪಟ್ಟಿ ಮಾಡಿದ್ದೆ. ಪರದೆಯ ಮೇಲೆ ಆಟಗಳ ಚಿತ್ರ ಚೆಂದ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡೂ ಅದರಲ್ಲಿತ್ತು. ಅರ್ಧ ತುಂಬಿದ ಕೊಡ ನಾನು, ತುಳುಕದೆ ಇರುವುದುಂಟೆ?

ಕಂಪ್ಯೂಟರ್ ಅಂಗಡಿಯ ಮಾಲೀಕ, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಎಂಬ ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ಅಪ್ಪ ಅದನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದರು.

"ಹಗುರ ಐತಿ. ಬಾಳಿಕಿ ಬರೂದಿಲ್ಲ. ಅದೇನೋ ಗ್ರಾಫಿಕ್ಸ್ ಕಾರ್ಡ್ ಅಂದೆಲ್ಲ, ಅದನ್ನ ಬಿಟ್ಟು ಛಲೋ ಸಪ್ಲೈ ಹಾಕಿಸ್ಕೊಳ್ಳವ್ವಾ."

ಮಾಲೀಕ ಮೀಸೆಯಡಿ ನಕ್ಕ. ನನಗೆ ನಾಚಿಕೆಯಾಯಿತು. ಅಪ್ಪನ ಬಗ್ಗೆ ನಾಚಿಕೆ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

"ಅಪ್ಪಾ, ಇದು ರೇಡಿಯೋ ಅಲ್ಲ. ಇದರಾಗ ನಿಮಗೇನೂ ತಿಳಿಯೂದಿಲ್ಲ, ಸುಮ್ನಿರ್ರಿ" ಎಂದೆ.

ಅಪ್ಪ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ನನ್ನ ಪಟ್ಟಿಯಂತೆಯೇ ಎಲ್ಲ ಕೊಂಡೆವು. ಆ ಗ್ರಾಫಿಕ್ಸ್ ಕಾರ್ಡಿನಿಂದ ಪ್ರಾಜೆಕ್ಟಿಗೆ ಸಾಸಿವೆಯಷ್ಟೂ ಉಪಯೋಗವಾಗಲಿಲ್ಲ. ಗೆಳತಿಯರ ಮುಂದೆ ಮೆರೆಯಲು ಆಯಿತು, ಅಷ್ಟೆ.

ಕೊಂಡ ಐದನೆಯ ತಿಂಗಳು, ಕರೆಂಟ್ ಹೋಗಿ ಬಂದ ಒಂದು ಮಧ್ಯಾಹ್ನ, ಡಬ್ಬಿ ಟಪ್ ಎಂದಿತು. ಸುಟ್ಟ ವಾಸನೆ ಅಡುಗೆಮನೆಯವರೆಗೂ ಹೋಯಿತು. ಪ್ರಾಜೆಕ್ಟ್ ಒಪ್ಪಿಸಲು ಹದಿನೈದೇ ದಿನ ಉಳಿದಿತ್ತು. ಬರೆದದ್ದೆಲ್ಲ ಆ ಹಾರ್ಡ್‌ಡಿಸ್ಕಿನಲ್ಲೇ ಇತ್ತು.

ಅಪ್ಪ ಕ್ಯಾಬಿನೆಟ್ಟನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ತಳ್ಳಿಕೊಂಡು ನನ್ನ ಜೊತೆ ಅದೇ ಅಂಗಡಿಗೆ ಬಂದರು. "ನಾ ಹೇಳಿದ್ದೆ" ಎನ್ನುತ್ತಾರೆಂದು ದಾರಿಯುದ್ದಕ್ಕೂ ಕಾದೆ. ಅನ್ನಲಿಲ್ಲ.

ಮಾಲೀಕ ಬಿಚ್ಚಿ ನೋಡಿದ. ಅವತ್ತು ನಕ್ಕದ್ದು ಅವನಿಗೆ ನೆನಪೇ ಇರಲಿಲ್ಲ. "ಸಪ್ಲೈ ಕಚ್ಚಾ ಇತ್ರಿ. ಬೋರ್ಡು, ಹಾರ್ಡ್‌ಡಿಸ್ಕ್ ಎರಡೂ ಸುಟ್ಟಾವ. ಗಟ್ಟಿ ಸಪ್ಲೈ ಹಾಕಿಸಬೇಕಿತ್ತು ನೋಡ್ರಿ" ಎಂದು ಅಪ್ಪನಿಗೇ ಉಪದೇಶ ಮಾಡಿದ.

ಅಪ್ಪ ನನ್ನ ಕಡೆ ನೋಡಿದರು. ನನ್ನ ಮುಖ ಹೇಗಿತ್ತೋ. "ಹೌದೇನ್ರಿ? ನಮಗ ಇದರಾಗ ಏನ್ ತಿಳೀತೈತ್ರಿ" ಎಂದರು.

ದನಿಯಲ್ಲಿ ಕುಹಕವಿರಲಿಲ್ಲ. ಮಗಳ ಮರ್ಯಾದೆ ಉಳಿಯಲೆಂದು ಇಡೀ ಜೀವಮಾನದ ಕಸುಬನ್ನು ಆ ಮೇಜಿನ ಮೇಲೆ ಬಿಟ್ಟುಕೊಟ್ಟರು. "ಇಲ್ರಿ, ನಮ್ಮಪ್ಪ ಅವತ್ತೇ ಹೇಳಿದ್ರು" ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಸುಟ್ಟ ಬೋರ್ಡನ್ನೇ ನೋಡುತ್ತ ನಿಂತೆ.

ಕಾಲೇಜಿನ ಲ್ಯಾಬಿನಲ್ಲಿ ಕೂತು ಪ್ರಾಜೆಕ್ಟನ್ನು ಹೇಗೋ ಮತ್ತೆ ಬರೆದು ಪಾಸಾದೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಮೊನ್ನೆ ಮಾರುಕಟ್ಟೆಯಲ್ಲಿ ಆ ಮಾಲೀಕ ಸಿಕ್ಕಿದ್ದ. "ನಿಮ್ಮಪ್ಪಾರು ಭಾಳ ಸಾದಾ ಮನಷ್ಯಾರ್ರಿ. ಪಾಪ, ಕಂಪ್ಯೂಟರ್‌ದು ಏನೂ ತಿಳೀತಿರಲಿಲ್ಲ" ಎಂದ.

ಹಾಗಲ್ಲವೆಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಪಕ್ಕದಲ್ಲಿ ನಿಂತು ಕೇಳಲು ಅಪ್ಪ ಇರಲಿಲ್ಲ.