ಅತ್ತೆ ಕುಳಿತರೆ ನಿಲ್ಲುವ ಕಾರು

2024ರ ಬೇಸಿಗೆ. ನನ್ನ ಮಗನ ನಿಶ್ಚಯ ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ, ಹೆಣ್ಣಿನವರ ಮನೆಯಲ್ಲಿ ಇತ್ತು. ಆ ದಿನ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಲಕ್ಷ್ಮೇಶ್ವರದಲ್ಲಿ ನಮ್ಮದು ಕಾಳಿನ ಅಂಗಡಿ. ಹಳೆಯ ಕಾರೊಂದು ಇದೆ. ಆ ವರ್ಷ ಅದಕ್ಕೊಂದು ರೋಗ ಅಂಟಿಕೊಂಡಿತ್ತು. ಓಡುತ್ತಿದ್ದಾಗಲೇ ಇಂಜಿನ್ ಬಂದ್ ಆಗುತ್ತಿತ್ತು. ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ. ಮೂರು ಸಲ ಗ್ಯಾರೇಜಿಗೆ ಒಯ್ದೆ. ಅಂಗಡಿ ತೆಗೆಯುವ ಮೊದಲು, ಬೆಳಿಗ್ಗೆ ಏಳಕ್ಕೇ ಒಯ್ಯುತ್ತಿದ್ದೆ. ಅಲ್ಲಿ ಒಮ್ಮೆಯೂ ನಿಲ್ಲಲಿಲ್ಲ. "ಗಾಡಿಗೆ ಏನೂ ಆಗಿಲ್ರಿ" ಎಂದು ಕಳಿಸಿದರು.

ಗಾಡಿಗೆ ಏನೂ ಆಗಿಲ್ಲ ಅಂದಮೇಲೆ ಮನೆಯಲ್ಲಿ ಬೇರೆ ಮಾತು ಶುರುವಾಯಿತು. ಹೆಂಡತಿಯ ತವರು ಮುಂಡರಗಿಗೆ ನಸುಕಿನಲ್ಲಿ ಹೋದರೆ ಕಾರು ನಿಲ್ಲುವುದಿಲ್ಲ. ನೀಲವ್ವತ್ತೆಯನ್ನು ಗದಗಿನ ಕಣ್ಣಿನ ದವಾಖಾನೆಗೆ ಕರೆದೊಯ್ದಾಗಲೆಲ್ಲ ನಿಂತಿದೆ. ಅವಳು ನನ್ನ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. "ಎಲ್ಲಾ ಅತ್ತಿ ಕಾಲ್ಗುಣ" ಎಂದು ಮೊದಲು ನಕ್ಕವನು ನಾನೇ. ಆ ಚೇಷ್ಟೆಯ ಮಾತು ಮನೆಮಂದಿಗೆಲ್ಲ ನಿಜವಾಗಲು ಬಹಳ ದಿನ ಹಿಡಿಯಲಿಲ್ಲ.

ನಿಶ್ಚಯಕ್ಕೆ ಹೊರಟಾಗ ಹನ್ನೊಂದೂವರೆ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ತಾನೇ ಕಟ್ಟಿದ ಶೇಂಗಾ ಉಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕುಳಿತಿದ್ದಳು. ನನಗೆ ಮುಹೂರ್ತ ತಪ್ಪೀತೆಂಬ ಹೆದರಿಕೆ.

"ಅತ್ತಿ, ನೀ ಬಸ್ಸಿಗೆ ಬಾ. ಇವತ್ತರ ಗಾಡಿ ನಿಲ್ಲೂದು ಬ್ಯಾಡ" ಅಂದೆ.

ಅತ್ತೆ ಇಳಿದಳು. ತನ್ನ ಕಾಲ್ಗುಣ ಅಲ್ಲಿ ಉಳಿಯಬಾರದೆಂಬಂತೆ ಕುಳಿತ ಜಾಗವನ್ನು ಸೆರಗಿನಿಂದ ಒರೆಸಿದಳು. "ಉಂಡಿ ಡಬ್ಬಿ ಅಷ್ಟ ಒಯ್ರಿ. ಬಸ್ಸಿನ್ಯಾಗ ಗದ್ಲ ಇರ್ತೈತಿ" ಅಂದಳು.

ಮುಳಗುಂದ ದಾಟುತ್ತಿದ್ದಂತೆ ಕಾರು ನಿಂತಿತು. ಒಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಫೋನ್ ಮಾಡಿದ ಮೇಲೆ ಮುಳಗುಂದದ ಮೆಕ್ಯಾನಿಕ್ ಮೌಲಾಸಾಬ ಬೈಕಿನಲ್ಲಿ ಬಂದು ಬಾನೆಟ್ ಎತ್ತಿದ. ಅಷ್ಟರಲ್ಲಿ ಗದಗಿನ ಬಸ್ಸು ಬಂದು ನಮ್ಮ ಹಿಂದೆ ನಿಂತಿತು. ನಮ್ಮನ್ನು ಕಂಡು ಅತ್ತೆಯೇ ನಿಲ್ಲಿಸಿದ್ದಳು. ನೀರಿನ ಬಾಟಲಿ ಹಿಡಿದು ಇಳಿದಳು, ಬಸ್ಸು ಹೋಯಿತು.

"ಗಾಡಿ ಯಾವಾಗ ನಿಲ್ತೈತ್ರಿ?" ಮೌಲಾಸಾಬ ಕೇಳಿದ.

"ನಾ ಕುಂತಾಗ ನಿಲ್ತೈತಪಾ" ಅಂದಳು ಅತ್ತೆ.

"ಯಾ ಹೊತ್ತಿನ್ಯಾಗ ಕುಂಡ್ರತೀರಿ ಅವ್ವಾರ?"

"ಮಧ್ಯಾಹ್ನ. ಇವನ ಅಂಗಡಿ ಕೆಲಸ ಮುಗಿದ ಮ್ಯಾಲ."

"ಹಂಗಾರ ಅದು ಬಿಸಲಿಂದ್ರಿ, ನಿಮ್ದಲ್ಲ. ಇವತ್ತ ನೀವು ಬಸ್ಸಿನ್ಯಾಗ ಬಂದೀರಿ, ಆದ್ರೂ ನಿಂತೈತಲ್ಲ."

ಇಂಜಿನ್ನಿಗೆ ಒಂದು ಸಣ್ಣ ಸೆನ್ಸರ್ ಇರುತ್ತದಂತೆ. ಹಾಳಾಗಲು ಹತ್ತಿದರೆ ಕಾದಾಗ ಸುಮ್ಮನಾಗುತ್ತದೆ, ತಣ್ಣಗಾದರೆ ಮತ್ತೆ ಕೆಲಸ ಮಾಡುತ್ತದೆ. ಮೌಲಾಸಾಬ ಅತ್ತೆಯ ಬಾಟಲಿಯ ನೀರಿನಲ್ಲಿ ಅರಿವೆ ತೋಯಿಸಿ ಅದರ ಮೇಲೆ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಚಾಲೂ.

"ಕುಂಡ್ರು ಅತ್ತಿ, ಕೈ ಮುಗೀತೀನಿ" ಅಂದೆ.

"ಮುಹೂರ್ತ ಐತಿ, ನೀವು ನಡೀರಿ. ನಾ ಕುಂತು ಗಾಡಿ ಮತ್ತ ನಿಂತ್ರ ನನಗ ತಡಕೊಳ್ಳಾಕ ಆಗೂದಿಲ್ಲ. ಹಿಂದ ಇನ್ನೊಂದು ಬಸ್ ಐತಿ."

ಸುಡುಬಿಸಿಲಿನಲ್ಲಿ ಅವಳನ್ನು ಬಿಟ್ಟು ನಾನು ಹೊರಟೆ. ಹೌದು, ಹೊರಟುಬಿಟ್ಟೆ. ಅವಳು ಬಂದು ಮುಟ್ಟುವಷ್ಟರಲ್ಲಿ ಉಂಗುರ ಹಾಕುವುದು ಮುಗಿದು, ಎಲ್ಲರೂ ಅವಳ ಉಂಡೆ ತಿನ್ನುತ್ತಿದ್ದರು.

ಆ ವಾರವೇ ಸೆನ್ಸರ್ ಬದಲಿಸಿದೆ. ಅಂದಿನಿಂದ ಕಾರು ಎಲ್ಲಿಯೂ ನಿಂತಿಲ್ಲ. ಅತ್ತೆ ಮಾತ್ರ ಅದರಲ್ಲಿ ಕುಳಿತಿಲ್ಲ. ಕರೆದಾಗಲೆಲ್ಲ "ನನಗ ಬಸ್ ಪುಕ್ಕಟ ಐತಲ್ಲೋ" ಎಂದು ನಗುತ್ತಾಳೆ. ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ನಾನೇ ಒಂದು ಸಲ ಯೋಚಿಸಿದ್ದರೆ ಸಾಕಿತ್ತು.

ಈಗ ದವಾಖಾನೆಗೆ ಅವಳ ಜೊತೆ ನಾನೂ ಬಸ್ಸಿನಲ್ಲೇ ಹೋಗುತ್ತೇನೆ. ಗದಗ ಬಂದು ಇಳಿಯುವಾಗ ಅತ್ತೆ ತಾನು ಕುಳಿತ ಸೀಟನ್ನು ಸೆರಗಿನಿಂದ ಒರೆಸುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.