ಯಾರೂ ಸಾಯದ ಮನೆಗೆ ಬಂದ ಊಟ

ಯಾರೂ ಸಾಯದೆ ಸಾವಿನ ಮನೆಯ ಊಟ ಉಂಡವಳು ನಾನು. ಎರಡು ಸಲ ಬಡಿಸಿಕೊಂಡೆ. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ. ತುಪ್ಪದನ್ನ ಚೆನ್ನಾಗಿತ್ತು.

ಆದದ್ದಿಷ್ಟು. ನನ್ನ ಮೊಮ್ಮಗಳು ನಿಶಿತಾ ಇಲ್ಲಿ ದೋಹಾದ ಯೂನಿವರ್ಸಿಟಿಯಲ್ಲಿ ನಾಟಕ ಓದುತ್ತಾಳೆ. ನಾಟಕ ಆಡುವವರನ್ನು ಕಂಡಿದ್ದೆ, ನಾಟಕಕ್ಕಾಗಿ ಮನೆ ಮಠ ಮರೆತವರನ್ನೂ ಕಂಡಿದ್ದೆ. ಅದನ್ನು ಪುಸ್ತಕ ಇಟ್ಟುಕೊಂಡು ಓದಿ ಪರೀಕ್ಷೆ ಕೊಡುತ್ತಾರೆಂದು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇನು ಗೊತ್ತು? ನಡೆಯುವುದಕ್ಕೊಂದು ಪಾಠ, ಉಸಿರಾಡುವುದಕ್ಕೊಂದು ಪಾಠ. ಒಮ್ಮೆ ಒಂದು ವಾರವಿಡೀ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಳು. ಪಾತ್ರೆ ತೊಳಿ ಎಂದರೆ, "ಅಜ್ಜಿ, ಹೋಮ್‌ವರ್ಕ್ ಮಾಡ್ತಾ ಇದ್ದೇನೆ. ಕೂತ್ಕೊಳ್ಳುದು ಪ್ರಾಕ್ಟೀಸ್" ಎಂದಳು. ಇಂಥ ಹೋಮ್‌ವರ್ಕ್ ನನ್ನ ಕಾಲದಲ್ಲಿದ್ದಿದ್ದರೆ ನಾನೂ ದೊಡ್ಡ ಓದು ಓದುತ್ತಿದ್ದೆ.

ಈ ಸಲದ ಪರೀಕ್ಷೆಗೆ ಅವಳಿಗೆ ಸಿಕ್ಕಿದ್ದು ಗಂಡ ಸತ್ತ ಹೆಂಗಸಿನ ಪಾತ್ರ. ಒಂದು ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. ನಾವಿರುವ ಅಲ್ ಸದ್ದ್ ಬಡಾವಣೆಯ ಫ್ಲ್ಯಾಟಿನ ಗೋಡೆಗಳು ನಿಮಗೆ ಗೊತ್ತಲ್ಲ, ಆಚೆಮನೆಯವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ಸ್ವಲ್ಪ ಹೊತ್ತಿಗೆ ಬಾಗಿಲಿನ ಬೆಲ್ ಆಯಿತು. ಆಚೆಮನೆಯ ನಫೀಸಾ, ನಮ್ಮ ಮಂಗಳೂರು ಕಡೆಯವಳೇ. ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಊಟ ಕೊಡಬೇಕು. ಆ ಪದ್ಧತಿಯನ್ನು ಅವಳು ಊರಲ್ಲಿ ಬಿಟ್ಟು ವಿಮಾನ ಹತ್ತಿದವಳಲ್ಲ.

"ಯಾರು ಹೋದದ್ದಮ್ಮಾ?"

"ಯಾರೂ ಹೋಗ್ಲಿಲ್ಲ ಮಾರಾಯ್ತಿ. ಹುಡುಗಿಗೆ ಪರೀಕ್ಷೆ ಉಂಟು, ಅದಕ್ಕೆ ಅಳುದು."

ನಫೀಸಾ ನನ್ನ ಕೈ ಹಿಡಿದುಕೊಂಡಳು. ದುಃಖಕ್ಕೆ ಮುದುಕಿಯ ತಲೆ ಕೆಟ್ಟಿದೆ ಎಂದು ಅವಳ ಮುಖವೇ ಹೇಳುತ್ತಿತ್ತು. "ಆಯ್ತಮ್ಮ, ಆಯ್ತು. ಮೊದಲು ಸ್ವಲ್ಪ ತಿನ್ನಿ. ಸುಧಾಕರಣ್ಣನಿಗೆ ಎಂತ ಆಗ್ಲಿಲ್ಲ ಅಲ್ವಾ?"

"ನನ್ನ ಮಗನಿಗೆಂತ ಆಗ್ಲಿಕ್ಕೆ? ಆಫೀಸಲ್ಲಿ ಗಟ್ಟಿಮುಟ್ಟಾಗಿ ಇದ್ದಾನೆ."

ಆಗಲೇ ಒಳಗಿಂದ ನಿಶಿತಾ ಇನ್ನೊಮ್ಮೆ ಹೋ ಎಂದು ಕಿರುಚಿದಳು. ಡಬ್ಬಿ ನನ್ನ ಕೈಗೆ ಬಂತು. ಅರ್ಧ ಗಂಟೆಯಲ್ಲಿ ಮೇಲಿನ ಮಹಡಿಯ ಮಲಯಾಳಿ ಮನೆಯಿಂದ ಗಂಜಿಯೂ ಬಂತು.

ಉಂಡದ್ದು ಸುಲಭ, ಡಬ್ಬಿ ಹಿಂದೆ ಕೊಡುವುದು ಕಷ್ಟ. ಸಾವಿನ ಮನೆಯಿಂದ ಪಾತ್ರೆ ಖಾಲಿಯೇ ಹೋಗಬೇಕು, ಶುಭದ ಮನೆಯಿಂದ ಏನಾದರೂ ತುಂಬಿ ಹೋಗಬೇಕು. ನಮ್ಮದು ಯಾವ ಮನೆ? ಪರೀಕ್ಷೆ ಮುಗಿಯಲಿ, ಗೊತ್ತಾಗುತ್ತದೆ ಎಂದು ತೊಳೆದು ಇಟ್ಟುಕೊಂಡೆ.

ಸಂಜೆ ಬಂದ ಸುಧಾಕರ, ಅಂದರೆ ನಿಶಿತಾಳ ಅಪ್ಪ, ಕೆಂಡವಾಗಿದ್ದ. ಲಿಫ್ಟಿನಲ್ಲಿ ಇಬ್ಬರು ಅವನ ಭುಜ ತಟ್ಟಿ ಸಮಾಧಾನ ಹೇಳಿದರಂತೆ. "ಇದೊಂದು ಓದಾ? ಈ ಪರೀಕ್ಷೆ ಚಂದ ಪಾಸಾದ್ರೆ ಸರಿ. ಇಲ್ದಿದ್ರೆ ಖಲಾಸ್, ಅಕೌಂಟ್ಸ್‌ಗೆ ಸೇರು" ಎಂದ. ಹುಡುಗಿಯ ಮುಖ ಸಣ್ಣದಾಯಿತು. ಈ ಸಲ ನಿಜವಾದ ಅಳು, ಸದ್ದೇ ಇರಲಿಲ್ಲ.

ಅವನು ನಾಟಕವನ್ನು ಹಳಿಯುವುದು ಕೇಳಿದರೆ ನನಗೆ ನಗು. ಊರಿಗೆ ವಿಡಿಯೋ ಕಾಲ್ ಮಾಡುವಾಗ ಸೋಫಾದ ಒಂದೇ ಮೂಲೆಯಲ್ಲಿ ಕೂರುತ್ತಾನೆ, ಹಾಲ್ ದೊಡ್ಡದಾಗಿ ಕಾಣಬೇಕಲ್ಲ. ಬಾಸಿನ ಫೋನ್ ಬಂದರೆ ಮಲಗಿದ್ದವನು ಎದ್ದು ನಿಂತು ಮಾತಾಡುತ್ತಾನೆ. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ "ಮೀಡಿಯಾ" ಎಂದು ಹೇಳಿ ಕೆಮ್ಮುತ್ತಾನೆ. ಸೊಸೆಯಂತೂ ಊರಲ್ಲಿರುವ ನನ್ನ ಮಗಳೊಡನೆ ಫೋನಿನಲ್ಲಿ ನಕ್ಕೂ ನಕ್ಕೂ ಮಾತಾಡಿ, ಇಟ್ಟ ಕೂಡಲೇ ಆ ಮುಖವನ್ನೂ ತೆಗೆದಿಡುತ್ತಾಳೆ. ಇವರೆಲ್ಲ ಕದ್ದು ಕಲಿತದ್ದನ್ನು ಹುಡುಗಿ ಕ್ಲಾಸಿಗೆ ಹೋಗಿ ಕಲಿತರೆ ತಪ್ಪೇನು?

ತೊಂದರೆಯೆಂದರೆ, ಎರಡು ಮನೆಯವರು ನಂಬಿ ಊಟ ಕೊಟ್ಟ ಆ ಅಳುವನ್ನು ಕ್ಲಾಸಿನ ಪ್ರಾಕ್ಟೀಸಿನಲ್ಲಿ ಅವಳ ಟೀಚರು ನಂಬಲಿಲ್ಲ. "ನೀನು ಅಳುವುದು ಕಾಣುತ್ತದೆ, ಸತ್ತವನು ಕಾಣುವುದಿಲ್ಲ" ಎಂದರಂತೆ. ಹುಡುಗಿ ಬಂದು ನನ್ನ ಹಾಸಿಗೆಯ ಮೇಲೆ ಕೂತಳು.

"ಅಜ್ಜಿ, ಅಜ್ಜ ಹೋದಾಗ ನೀವು ಹೇಗೆ ಅತ್ತದ್ದು?"

"ಅಳ್ಲಿಲ್ಲ."

"ಸ್ವಲ್ಪ ಕೂಡ?"

"ಪುರುಸೊತ್ತು ಎಲ್ಲಿತ್ತು?"

"ಮತ್ತೆ ಎಂತ ಮಾಡಿದ್ರಿ?"

"ಚಪ್ಪಲಿ ಹುಡುಕಿದೆ."

ಇದ್ದದ್ದನ್ನೇ ಹೇಳಿದೆ. ಊರಿನ ಮನೆ ತುಂಬ ಜನ, ಹೊರಗೆ ಬಂದವರ ಚಪ್ಪಲಿಗಳ ರಾಶಿ. ನಮ್ಮ ಯಜಮಾನರದು ಹೊಸ ಜೊತೆ, ಯಾರಾದರೂ ಮೆಟ್ಟಿಕೊಂಡು ಹೋದರೆ? ಬಾಗಿ ಹುಡುಕಿದೆ. ಒಂದು ಸಿಕ್ಕಿತು, ಇನ್ನೊಂದು ಎಷ್ಟು ಹೊತ್ತಾದರೂ ಸಿಗಲಿಲ್ಲ. ಕೊನೆಗೆ ಸಿಕ್ಕಿದಾಗ ಎರಡನ್ನೂ ಸೆರಗಿನಲ್ಲಿ ಒರೆಸಿ ಒಳಗಿಟ್ಟೆ. ಗಂಡ ಅಲ್ಲಿ ಮಲಗಿದ್ದಾನೆ, ಇವಳು ಇಲ್ಲಿ ಚಪ್ಪಲಿ ಹುಡುಕುತ್ತಾಳೆ ಎಂದು ಜನ ಆಡಿಕೊಂಡರು. ಸುಧಾಕರನೂ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಪರೀಕ್ಷೆಗೆ ಮನೆಯವರೂ ಬರಬಹುದೆಂದರು. ಸುಧಾಕರ ಮುಖ ಊದಿಸಿಕೊಂಡೇ ಕಾರು ಬಿಟ್ಟ. ಪರೀಕ್ಷೆಯ ಹಾಲಿನೊಳಗೆ ಎಲ್ಲ ಕಪ್ಪು, ನಡುವೆ ಒಂದು ದೀಪ, ದೀಪದ ಕೆಳಗೆ ಚಪ್ಪಲಿಗಳ ರಾಶಿ. ನಿಶಿತಾ ಬಾಗಿಕೊಂಡು ಬಂದಳು. ನಾನು ಅಷ್ಟು ಬಾಗಿಲ್ಲ, ಅದನ್ನು ಆಮೇಲೆ ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. ಒಂದು ಚಪ್ಪಲಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದನ್ನು ಹುಡುಕತೊಡಗಿದಳು. ಹುಡುಕಿದಳು, ಹುಡುಕಿದಳು. ಪಕ್ಕದಲ್ಲಿ ಸುಧಾಕರ ಸೀಟಿನ ತುದಿಗೆ ಬಂದಿದ್ದ.

"ಅಮ್ಮಾ, ಇನ್ನೊಂದು ಎಲ್ಲಿ?" ಎಂದು ಪಿಸುಗುಟ್ಟಿದ.

"ಸುಮ್ಮನಿರು, ಸಿಗ್ತದೆ."

ಸಿಕ್ಕಿತು. ಅವಳು ಅದನ್ನು ಒರೆಸುವಾಗ ಇವನೂ ಕಣ್ಣು ಒರೆಸಿಕೊಂಡ. ಹೊರಗೆ ಬಂದು "ಎಸಿ ಗಾಳಿ ನೇರ ಕಣ್ಣಿಗೆ ಬರ್ತಿತ್ತು" ಎಂದ. ಇಂಥ ನಟನೆಗೆ ಯಾವ ಟೀಚರೂ ಮಾರ್ಕ್ಸ್ ಕೊಡುವುದಿಲ್ಲ. ಮಗಳಿಗೆ ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಅಕೌಂಟ್ಸ್ ಎಂಬ ಮಾತು ಆಮೇಲೆ ನಮ್ಮ ಮನೆಯಲ್ಲಿ ಕೇಳಿಲ್ಲ.

ನಫೀಸಾಳ ಡಬ್ಬಿಯಲ್ಲಿ ಗೋಧಿ ಹಲ್ವ ತುಂಬಿ ಕೊಟ್ಟೆ. ಮುಚ್ಚಳ ತೆಗೆದು ನೋಡಿ, "ಹಾಗಾದ್ರೆ ನಿಜವಾಗ್ಲೂ ಯಾರೂ ಹೋಗ್ಲಿಲ್ವಾ?" ಎಂದಳು ಪುಣ್ಯಾತ್ಗಿತ್ತಿ.

ಮುಂದಿನ ಪಾಠ ನಗುವುದಂತೆ. ನಿನ್ನೆಯಿಂದ ರೂಮಿನ ಬಾಗಿಲು ಹಾಕಿಕೊಂಡು ನಗುತ್ತಿದ್ದಾಳೆ. ಗೋಡೆ ಅದೇ, ನೆರೆಯವರೂ ಅವರೇ. ನಾನು ಬೆಲ್ಲಿಗೆ ಕಿವಿಗೊಟ್ಟು ಕೂತಿದ್ದೇನೆ. ನಗುವ ಮನೆಗೆ ಊಟ ಹೊತ್ತು ತಂದವರು ಇದುವರೆಗೆ ಒಬ್ಬರೂ ಇಲ್ಲ. ಮಧ್ಯಾಹ್ನ ನಾನೇ ಗಂಜಿ ಬೇಯಿಸಿದೆ.