ಡೀಸೆಲ್ ಕಾರೇ ಯಾಕೆ ತಂದೆ

ಗೆಳೆಯರೇ, ಇವತ್ತು ಹಳೆಯ ಜರ್ಮನ್ ಕಾರು ನೋಡಲು ರಾಣೆಬೆನ್ನೂರಿಗೆ ಹೋಗಿದ್ದೆ. ಒಂದು ಪೆಟ್ರೋಲ್, ಒಂದು ಡೀಸೆಲ್. ಮಾರುವ ಸಲೀಂಭಾಯಿ ಕೇಳಿದರು: "ಸಾವ್ಕಾರ್ರ, ದಿನಾ ಎಷ್ಟು ಓಡಸ್ತೀರಿ?"

"ಬ್ಯಾಡಗಿಯೊಳಗ, ಮನಿಯಿಂದ ಮೆಣಸಿನಕಾಯಿ ಅಂಗಡಿಗೆ. ಹೊಳ್ಳಿ ಮನಿಗೆ."

"ಹಂಗಾರ ಪೆಟ್ರೋಲ್ ತಗೋರಿ. ಸಣ್ಣ ಓಡಾಟಕ್ಕ ಡೀಸೆಲ್ ಗಾಡಿಯ ಹೊಗಿ ಸೋಸೋ ಫಿಲ್ಟರ್ ಮಸಿ ತುಂಬಿ ಕಟ್ಕೊಂತೈತಿ. ಆ ಮಸಿ ಸುಟ್ಟು ಹೋಗಾಕ ವಾರಕ್ಕೊಮ್ಮೆ ಹೈವೇದಾಗ ದೂರ ಒಯ್ಯಬೇಕು. ಮನಿಮಂದೀನ ಕರ್ಕೊಂಡು ಹೋಗ್ತೀರೇನು?"

"ಮನಿಯಾಗ ನಾನೊಬ್ಬನ ಅದೇನಿ."

"ಮತ್ತ ಡೀಸೆಲ್ ಯಾಕರೀ ನಿಮಗ? ಖರೇ ಹೇಳ್ರಿ!"

ಲೆಕ್ಕ ಅವರದೇ ಸರಿ. ಆದರೂ ಡೀಸೆಲ್ಲನ್ನೇ ತಂದೆ. ನನ್ನ ಸಲುವಾಗಿ ಊರು ಬಿಟ್ಟು ಹೊರಡಲು ಇಷ್ಟು ದಿನ ಕಾರಣವೇ ಸಿಕ್ಕಿರಲಿಲ್ಲ. ಇನ್ನು ಫಿಲ್ಟರ್ ಸಲುವಾಗಿ ಪ್ರತಿ ರವಿವಾರ ಹೊರಡಲೇಬೇಕು. ಜೊತೆಗೆ ಯಾರಾದರೂ ಬರುವುದಿದ್ದರೆ ಹೇಳಿ, ಫಿಲ್ಟರಿಗೆ ಉಪಕಾರವಾದೀತು.